ರಾತ್ರಿಗಳಲ್ಲಿ ಅಳೆಯುವ ದಾರಿ

ಅಕ್ಕ ಮನಾಲಿಯಿಂದ ಲೇಹ್‌ವರೆಗೆ ಸೈಕಲ್ ತುಳಿದು ಬಂದವಳು. ತಮ್ಮ ಚಿಕ್ಕಮಗಳೂರಿನ ಗುಡ್ಡಗಳಲ್ಲಿ ಕಾಲು ಗಟ್ಟಿಮಾಡಿಕೊಂಡವನು. ಬರುವ ಆಗಸ್ಟಿನಲ್ಲಿ ಗೆಳೆಯನೊಬ್ಬನ ಜೊತೆ ಅದೇ ದಾರಿಗೆ ಹೊರಡುವ ತಯಾರಿಯಲ್ಲಿದ್ದಾನೆ.

ತಮ್ಮ: ಅಕ್ಕಾ, ಲೆಕ್ಕ ಹಾಕಿದ್ದೇನೆ, ನೋಡು. ರೋಹ್ತಾಂಗ್ ಹತ್ತಿ ಹಳೆಯ ದಾರಿಯಲ್ಲೇ ಹೋದರೆ ಮನಾಲಿಯಿಂದ ಲೇಹ್‌ಗೆ ಸುಮಾರು 475 ಕಿ.ಮೀ. ನಡುವೆ ಐದು ಪಾಸ್: ರೋಹ್ತಾಂಗ್, ಬಾರಾಲಾಚಾ, ನಕೀ, ಲಾಚುಂಗ್, ತಂಗ್ಲಾಂಗ್. ದಿನಕ್ಕೆ 80 ಕಿ.ಮೀ.ಯಂತೆ ತುಳಿದರೆ ಆರು ದಿನ. ಒಂದು ದಿನ ಕೈಯಲ್ಲಿರಲಿ ಅಂತ ಏಳು ಮಾಡಿದ್ದೇನೆ.

ಅಕ್ಕ: ಕಿಲೋಮೀಟರ್ ಬರೆದಿದ್ದೀಯ, ಪಾಸ್‌ಗಳ ಎತ್ತರ ಬರೆದಿದ್ದೀಯ. ಮಲಗುವ ಜಾಗಗಳ ಎತ್ತರ ಎಲ್ಲೂ ಇಲ್ಲವಲ್ಲ?

ತಮ್ಮ: ಅದಕ್ಕೇನು? ಸಂಜೆ ಎಲ್ಲಿ ಮುಟ್ಟುತ್ತೇವೋ ಅಲ್ಲಿ ಡಾಬಾದ ಟೆಂಟ್ ಇದ್ದೇ ಇರುತ್ತದೆ. ಹತ್ತುವುದು ಕಷ್ಟ ಅಂದರೆ ಒಪ್ಪುತ್ತೇನೆ. ಮಲಗುವುದಕ್ಕೇನು ಕಷ್ಟ?

ಅಕ್ಕ: ಆ ದಾರಿಯಲ್ಲಿ ಮಲಗುವುದೇ ಕಷ್ಟ ಕಣೋ. ಹಗಲಿನಲ್ಲಿ ಎರಡು ಗಂಟೆ ಎತ್ತರದಲ್ಲಿದ್ದು ಇಳಿದುಬಿಟ್ಟರೆ ದೇಹ ಹೇಗೋ ಸುಧಾರಿಸಿಕೊಳ್ಳುತ್ತದೆ. ಆದರೆ ರಾತ್ರಿಯಿಡೀ ಎಷ್ಟು ಎತ್ತರದಲ್ಲಿ ಮಲಗಿದ್ದೆ ಅನ್ನುವುದರ ಮೇಲೆ ಮರುದಿನ ನೀನು ಸೈಕಲ್ ಹತ್ತುತ್ತೀಯೋ, ಕೆಳಗಿಳಿಯುವ ಗಾಡಿ ಹುಡುಕುತ್ತೀಯೋ ಅನ್ನುವುದು ನಿಂತಿದೆ. ಆ ದಾರಿಯನ್ನು ರಾತ್ರಿಗಳಲ್ಲಿ ಅಳೆಯಬೇಕು. ಕಿಲೋಮೀಟರ್ ಲೆಕ್ಕ ಆಮೇಲೆ ತಾನಾಗಿ ಕೂಡಿಕೊಳ್ಳುತ್ತದೆ.

ತಮ್ಮ: ನಾನು ಮುಳ್ಳಯ್ಯನಗಿರಿಯನ್ನು ಎಲ್ಲೂ ಕಾಲು ಊರದೆ ಹತ್ತುತ್ತೇನೆ. ಚಾರ್ಮಾಡಿ ಘಾಟಿಯನ್ನು ಕೆಳಗಿನಿಂದ ಕೊಟ್ಟಿಗೆಹಾರದವರೆಗೆ ತುಳಿದು, ಬೆಳಗಿನ ತಿಂಡಿಗೆ ಮನೆಗೆ ಬರುವಷ್ಟು ದಮ್ಮಿದೆ.

ಅಕ್ಕ: ಮುಳ್ಳಯ್ಯನಗಿರಿ 1,930 ಮೀಟರ್. ಇಡೀ ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ. ಮನಾಲಿಯ ಪೇಟೆ ಇರುವುದೇ ಸುಮಾರು 2,050 ಮೀಟರಿನಲ್ಲಿ. ಅಂದರೆ ನಮ್ಮ ನಾಡು ಮುಗಿಯುವ ಎತ್ತರ ದಾಟಿದ ಮೇಲೆ ಆ ದಾರಿ ಶುರುವಾಗುತ್ತದೆ. ಏರು ಕಡಿದಾಗಿದೆಯೇ ಅಂದರೆ ಅದೂ ಇಲ್ಲ. ಮನಾಲಿಯಿಂದ ರೋಹ್ತಾಂಗ್‌ಗೆ 51 ಕಿ.ಮೀ.ಯಲ್ಲಿ 1,900 ಮೀಟರ್ ಚಿಲ್ಲರೆ ಹತ್ತುತ್ತೀಯ. ಸರಾಸರಿ ಶೇ. 4 ಕೂಡ ಇಲ್ಲ. ಸರಕಿನ ಲಾರಿಗಳು, ಸೇನೆಯ ಟ್ರಕ್‌ಗಳು ಹತ್ತಬೇಕಾದ ರಸ್ತೆ. ನಮ್ಮ ಮುಳ್ಳಯ್ಯನಗಿರಿಯ ಕೊನೆಯ ಏರು ಅದಕ್ಕಿಂತ ಎಷ್ಟೋ ಕಡಿದು. ನಿನ್ನ ಕಾಲಿಗೆ ಆ ದಾರಿ ಹೊಸ ಪಾಠವನ್ನೇನೂ ಹೇಳುವುದಿಲ್ಲ. ಪರೀಕ್ಷೆ ಇರುವುದು ಉಸಿರಿಗೆ.

ತಮ್ಮ: ಅಂದರೆ ಮೇಲೆ ಆಮ್ಲಜನಕ ಕಡಿಮೆ.

ಅಕ್ಕ: ಗಾಳಿಯಲ್ಲಿ ಆಮ್ಲಜನಕದ ಪಾಲು ಮಂಗಳೂರಿನ ಕಡಲ ದಂಡೆಯಲ್ಲೂ ತಂಗ್ಲಾಂಗ್ ಲಾ ನೆತ್ತಿಯಲ್ಲೂ ಒಂದೇ, ಸುಮಾರು ಶೇ. 21. ಕಡಿಮೆಯಾಗುವುದು ಗಾಳಿಯ ಒತ್ತಡ. ತಂಗ್ಲಾಂಗ್ ಲಾ 5,328 ಮೀಟರ್. ಅಲ್ಲಿ ಒತ್ತಡ ಕಡಲಮಟ್ಟದ ಅರ್ಧದಷ್ಟು. ಒಂದು ಉಸಿರಿಗೆ ನಿನಗೆ ದಕ್ಕುವ ಆಮ್ಲಜನಕವೂ ಅರ್ಧ. ದೇಹ ಏನು ಮಾಡುತ್ತದೆ? ಜೋರಾಗಿ, ಬೇಗ ಬೇಗ ಉಸಿರಾಡುತ್ತದೆ. ಹಾಗೆ ಉಸಿರಾಡಿದಾಗ ರಕ್ತದಲ್ಲಿದ್ದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ರಕ್ತ ಕ್ಷಾರೀಯವಾಗುತ್ತದೆ. ಆಗ ಮಿದುಳಿನ ಉಸಿರಾಟದ ಕೇಂದ್ರ 'ಸಾಕು, ನಿಧಾನಿಸು' ಅನ್ನುತ್ತದೆ. ಒಂದು ಕಡೆ ಆಮ್ಲಜನಕ ಸಾಲದು ಅನ್ನುವ ಕೂಗು, ಇನ್ನೊಂದು ಕಡೆ ಉಸಿರಾಟ ಹೆಚ್ಚಾಯಿತು ಅನ್ನುವ ತಡೆ. ಈ ಜಗಳ ಬಿಡಿಸುವುದು ಮೂತ್ರಪಿಂಡಗಳು. ಹೆಚ್ಚಾದ ಬೈಕಾರ್ಬನೇಟನ್ನು ಅವು ಮೂತ್ರದಲ್ಲಿ ಹೊರಹಾಕಬೇಕು. ಅದಕ್ಕೆ ಅವುಗಳಿಗೆ ದಿನಗಳು ಬೇಕು. ನೀನು ಎಷ್ಟೇ ಬಲವಾಗಿ ಪೆಡಲ್ ತುಳಿದರೂ ಆ ಕೆಲಸ ಬೇಗ ಆಗುವುದಿಲ್ಲ.

ತಮ್ಮ: ಅದಕ್ಕೂ ರಾತ್ರಿಗೂ ಏನು ಸಂಬಂಧ?

ಅಕ್ಕ: ನಿದ್ದೆಯಲ್ಲಿ ಆ ಜಗಳ ಬಯಲಿಗೆ ಬೀಳುತ್ತದೆ. ಟೆಂಟಿನಲ್ಲಿ ಪಕ್ಕದವರ ಉಸಿರು ಕೇಳುತ್ತಾ ಮಲಗಿರುತ್ತೀಯ. ಉಸಿರು ದೊಡ್ಡದಾಗುತ್ತಾ ಹೋಗುತ್ತದೆ, ಆಮೇಲೆ ಸಣ್ಣದಾಗುತ್ತಾ ಬಂದು ನಿಂತೇಬಿಡುತ್ತದೆ. ಐದು ಸೆಕೆಂಡ್, ಹತ್ತು ಸೆಕೆಂಡ್. ಎಬ್ಬಿಸಲೋ ಬೇಡವೋ ಅಂದುಕೊಳ್ಳುವಷ್ಟರಲ್ಲಿ ಅವರು ದೊಡ್ಡ ಉಸಿರೊಂದನ್ನು ಎಳೆದುಕೊಳ್ಳುತ್ತಾರೆ. ಮತ್ತೆ ಅದೇ ಸುತ್ತು. ಆ ಎತ್ತರದಲ್ಲಿ ಹೀಗಾಗುವುದು ಸಾಮಾನ್ಯ, ಅದೇ ಕಾಯಿಲೆ ಅಂತಲ್ಲ. ಆದರೆ ದಿನದ ಇಪ್ಪತ್ನಾಲ್ಕು ಗಂಟೆಯಲ್ಲಿ ರಕ್ತದ ಆಮ್ಲಜನಕ ತೀರ ಕೆಳಗಿಳಿಯುವುದು ಆ ಹೊತ್ತಿನಲ್ಲೇ. ಅದಕ್ಕೇ ಪರ್ವತದ ವೈದ್ಯರು ಮಲಗುವ ಎತ್ತರಕ್ಕೆ ನಿಯಮ ಮಾಡಿದ್ದು. 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಗೂ ಮುಂದಿನ ರಾತ್ರಿಗೂ ನಡುವೆ 500 ಮೀಟರಿಗಿಂತ ಹೆಚ್ಚು ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು.

ತಮ್ಮ: ಅದು ವಯಸ್ಸಾದವರಿಗೆ, ಅಭ್ಯಾಸ ಇಲ್ಲದವರಿಗೆ ಮಾಡಿದ ನಿಯಮ ಇರಬೇಕು. ದಿನಾ ವ್ಯಾಯಾಮ ಮಾಡುವವರಿಗೂ ಅದೇನಾ?

ಅಕ್ಕ: 1962ರ ಚೀನಾ ಯುದ್ಧದ ಹೊತ್ತಿನಲ್ಲಿ ನಮ್ಮ ಸೈನಿಕರನ್ನು ಬಯಲು ಸೀಮೆಯಿಂದ ಇದ್ದಕ್ಕಿದ್ದಂತೆ ಹಿಮಾಲಯದ ಎತ್ತರಕ್ಕೆ ಸಾಗಿಸಬೇಕಾಯಿತು. ಹುಡುಗರು ಗಟ್ಟಿಮುಟ್ಟು, ತರಬೇತಿ ಪಡೆದವರು. ಆದರೂ ತಲೆನೋವು, ವಾಂತಿಯಿಂದ ಹಿಡಿದು ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವವರೆಗೆ ಕಾಯಿಲೆ ಬಿದ್ದರು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು ಅಂಥ 1,925 ಸೈನಿಕರನ್ನು ಪರೀಕ್ಷಿಸಿ 1969ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಬಂಧ ಬರೆದರು. ಎತ್ತರದ ಕಾಯಿಲೆಯ ಬಗ್ಗೆ ಜಗತ್ತಿಗೆ ಗೊತ್ತಿರುವುದಕ್ಕೆ ಆ ಪ್ರಬಂಧವೂ ಒಂದು ಅಡಿಪಾಯ. ಸೈನಿಕನ ಮೈಕಟ್ಟೇ ಕಾಯದಿದ್ದಾಗ ನಿನ್ನ ಚಾರ್ಮಾಡಿ ಘಾಟಿ ಹೇಗೆ ಕಾಯುತ್ತದೆ? ದಮ್ಮಿರುವವರಿಗೆ ಇನ್ನೊಂದು ಅಪಾಯವಿದೆ. ಅವರು ಬೇಗ ಹತ್ತಬಲ್ಲರು. ದೇಹ ಹೊಂದಿಕೊಳ್ಳುವ ಮೊದಲೇ ಅಪಾಯದ ಎತ್ತರಕ್ಕೆ ಹೋಗಿ ಕೂತಿರುತ್ತಾರೆ.

ತಮ್ಮ: ಸರಿ, ನನ್ನ ಲೆಕ್ಕದಲ್ಲಿ ತಪ್ಪೆಲ್ಲಿದೆ, ತೋರಿಸು.

ಅಕ್ಕ: ಮೂರನೇ ದಿನ ನೋಡು. ಜಿಸ್ಪಾದಿಂದ ಹೊರಟು ಬಾರಾಲಾಚಾ ದಾಟಿ ಸರ್ಚುವಿನಲ್ಲಿ ತಂಗುವುದು ಅಂತ ಬರೆದಿದ್ದೀಯ. ಜಿಸ್ಪಾ ಸುಮಾರು 3,200 ಮೀಟರ್, ಸರ್ಚು 4,290. ಒಂದೇ ರಾತ್ರಿಗೆ ಸಾವಿರ ಮೀಟರಿನ ಮೇಲೆ ಜಿಗಿತ. ಇಡೀ ದಾರಿಯಲ್ಲಿ ಜನ ಹೆಚ್ಚಾಗಿ ನರಳುವುದು ಇಲ್ಲೇ.

ತಮ್ಮ: ಕಾರಿನವರು, ಬುಲೆಟ್‌ನವರು ಮನಾಲಿ ಬಿಟ್ಟ ದಿನವೇ ಸರ್ಚು ಸೇರುತ್ತಾರಲ್ಲ?

ಅಕ್ಕ: ಸೇರುತ್ತಾರೆ. ಅವರಲ್ಲಿ ಎಷ್ಟೋ ಜನ ರಾತ್ರಿಯೆಲ್ಲ ತಲೆ ಹಿಡಿದುಕೊಂಡು ಕೂತಿರುತ್ತಾರೆ. ನಾನು ಸರ್ಚುವಿನಲ್ಲಿ ಉಳಿದಿದ್ದ ರಾತ್ರಿ ಒಬ್ಬ ಹುಡುಗನನ್ನು ಕಂಡೆ. ಗೆಳೆಯರ ಜೊತೆ ಮೋಟಾರು ಬೈಕಿನಲ್ಲಿ ಬಂದವನು. ಊಟ ಬೇಡ ಅಂದ, ಎರಡು ಸಲ ವಾಂತಿ ಮಾಡಿದ. ಗೆಳೆಯರು 'ಮಲಗು, ಬೆಳಿಗ್ಗೆ ಸರಿಹೋಗುತ್ತೆ' ಅಂತ ರಜಾಯಿ ಹೊದಿಸಿದರು. ಟೆಂಟ್ ನಡೆಸುವ ಹೆಂಗಸು ಒಪ್ಪಲಿಲ್ಲ. ಅವನನ್ನು ಹೊರಗೆ ಕರೆತಂದು, ಟಾರ್ಚ್ ಬಿಟ್ಟು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿಕೊಂಡು ನೇರವಾಗಿ ನಡೆದು ತೋರಿಸು ಅಂದಳು. ಮೂರು ಹೆಜ್ಜೆ ಇಡುವಷ್ಟರಲ್ಲಿ ಅವನು ಪಕ್ಕಕ್ಕೆ ವಾಲಿದ. ನಡಿಗೆ ತಪ್ಪಿತು ಅಂದರೆ ಮಿದುಳಿನಲ್ಲಿ ಊತ ಶುರುವಾಗಿರಬಹುದು. ಆಮೇಲೆ ಬೆಳಿಗ್ಗೆವರೆಗೆ ಕಾಯುವಂತಿಲ್ಲ. ಅವಳೇ ಒಂದು ಲಾರಿ ನಿಲ್ಲಿಸಿ ಅವನನ್ನು ಕೇಲಾಂಗ್ ಕಡೆಗೆ ಹತ್ತಿಸಿದಳು.

ತಮ್ಮ: ಕೆಳಗಿಳಿದರೆ ಸರಿಹೋಗುತ್ತದೆ ಅಂತಲೇ ನಾನೂ ಓದಿದ್ದೇನೆ. ಏನಾದರೂ ಆದರೆ ನಾವೂ ಇಳಿದುಬಿಡುತ್ತೇವೆ.

ಅಕ್ಕ: ಎಲ್ಲಿಗೆ ಇಳಿಯುತ್ತೀಯ? ನಕ್ಷೆ ಬಿಡಿಸಿ ನೋಡು. ಸರ್ಚು ಬಾಣಲೆಯ ತಳದಲ್ಲಿದ್ದ ಹಾಗಿದೆ. ಹಿಂದಕ್ಕೆ ಹೋಗಬೇಕೆಂದರೆ 4,890 ಮೀಟರಿನ ಬಾರಾಲಾಚಾ ಮತ್ತೆ ಹತ್ತಬೇಕು. ಮುಂದಕ್ಕೆ ಹೋಗಬೇಕೆಂದರೆ ನಕೀ ಲಾ, ಅದಾದ ಮೇಲೆ 5,000 ಮೀಟರ್ ದಾಟಿದ ಲಾಚುಂಗ್ ಲಾ. ಸರಪ್ ನದಿ ಅಲ್ಲಿಂದ ಜಂಸ್ಕರ್ ಕಡೆಗೆ ಇಳಿದು ಹೋಗುತ್ತದೆ, ಆದರೆ ಅದರ ಜೊತೆಗೆ ವಾಹನ ಹೋಗುವ ರಸ್ತೆ ಇಲ್ಲ. ಆ ಹುಡುಗನನ್ನು ಕೆಳಗಿಳಿಸುವುದಕ್ಕೆ ಮೊದಲು 600 ಮೀಟರ್ ಮೇಲಕ್ಕೆ ಹತ್ತಿಸಬೇಕಾಯಿತು. ಲಾಚುಂಗ್ ದಾಟಿದರೆ ಸಿಗುವ ಪಾಂಗ್ ಇನ್ನೂ ಎತ್ತರ, ಸುಮಾರು 4,600. ದಾರ್ಚಾ ಬಿಟ್ಟ ಮೇಲೆ ತಂಗ್ಲಾಂಗ್ ಲಾ ಇಳಿದು ರುಮ್ತ್ಸೆ ಮುಟ್ಟುವವರೆಗೆ, ಇಳಿದು ಸುಧಾರಿಸಿಕೊಳ್ಳೋಣ ಅನ್ನುವಂಥ ತಗ್ಗಿನ ಊರು ಒಂದೂ ಇಲ್ಲ. ಆದ್ದರಿಂದ ಸರ್ಚುವಿಗೆ ಕಾಲಿಡುವ ಮೊದಲೇ ದೇಹ ಸಿದ್ಧವಾಗಿರಬೇಕು. ಅಲ್ಲಿ ಹೋಗಿ ಸಿದ್ಧವಾಗುತ್ತೇನೆ ಅಂದರೆ ನಡೆಯುವುದಿಲ್ಲ.

ತಮ್ಮ: ಹಾಗಾದರೆ ರೋಹ್ತಾಂಗ್ ಬಿಟ್ಟುಬಿಡೋಣ. ಅಟಲ್ ಸುರಂಗದ ದಾರಿಯಲ್ಲಿ ಗಾಡಿಗೆ ಸೈಕಲ್ ಹಾಕಿಕೊಂಡು ಹೋದರೆ ಒಂದು ದಿನ ಉಳಿಯುತ್ತದೆ. ಆ ದಿನವನ್ನು ಜಿಸ್ಪಾದಲ್ಲಿ ಕಳೆಯುತ್ತೇವೆ.

ಅಕ್ಕ: 9 ಕಿ.ಮೀ. ಉದ್ದದ ಆ ಸುರಂಗ 2020ರ ಅಕ್ಟೋಬರಿನಲ್ಲಿ ತೆರೆದ ಮೇಲೆ ಲಾಹೌಲ್ ಜನರ ಬದುಕೇ ಬದಲಾಯಿತು. ಚಳಿಗಾಲದಲ್ಲಿ ಬಸುರಿಯನ್ನೋ ರೋಗಿಯನ್ನೋ ಕುಲ್ಲೂ ಕಡೆಗೆ ಸಾಗಿಸಲು ಹೆಲಿಕಾಪ್ಟರ್ ಕಾಯುತ್ತಿದ್ದ ಕಣಿವೆ ಅದು. ಅವರಿಗೆ ಅದು ವರ. ನಿನಗೆ ಮಾತ್ರ ರೋಹ್ತಾಂಗ್ ಬೇಕು. 3,978 ಮೀಟರ್ ಹತ್ತಿ, ಆಚೆ ಚಂದ್ರಾ ನದಿಯ ಕಣಿವೆಗೆ ಇಳಿದು, 3,100ರ ಆಸುಪಾಸಿನ ಸಿಸ್ಸುವಿನಲ್ಲಿ ಮಲಗುತ್ತೀಯಲ್ಲ, ಅದೇ ಒಳ್ಳೆಯ ಮದ್ದು. ಎತ್ತರಕ್ಕೆ ಹೋಗಿ ಬಾ, ತಗ್ಗಿನಲ್ಲಿ ಮಲಗು ಅಂತ ಪರ್ವತ ಹತ್ತುವವರು ಹೇಳುವುದು ಇದನ್ನೇ. ಸುರಂಗ ಬಂದ ಮೇಲೆ ಲಾರಿಗಳು ಹೆಚ್ಚಾಗಿ ಅದರೊಳಗೇ ಹೋಗುತ್ತವೆ. ಪ್ರವಾಸಿ ಕಾರುಗಳು ಹಿಂತಿರುಗುವ ಜಾಗ ದಾಟಿದರೆ ರೋಹ್ತಾಂಗ್‌ನ ಆಚೆಯ ಇಳಿಜಾರು ಹೆಚ್ಚುಕಡಿಮೆ ನಿನ್ನದೇ.

ತಮ್ಮ: ವಿಮಾನದಲ್ಲಿ ಲೇಹ್‌ಗೆ ಹೋಗಿ, ಅಲ್ಲಿ ಹೊಂದಿಕೊಂಡು, ಮನಾಲಿ ಕಡೆಗೆ ಇಳಿದು ಬಂದರೆ?

ಅಕ್ಕ: ಅದೂ ಒಂದು ದಾರಿ. ಲೇಹ್ 3,500 ಮೀಟರ್. ವಿಮಾನ ಇಳಿದ ಮೇಲೆ ಎರಡು ಮೂರು ದಿನ ಸುಮ್ಮನೆ ಅಡ್ಡಾಡಿಕೊಂಡಿರುವ ತಾಳ್ಮೆ ಇದ್ದರೆ ಮಾಡಬಹುದು. ಆದರೆ ನಿನ್ನನ್ನು ನಾನು ಬಲ್ಲೆ. ಮರುದಿನವೇ ಖರ್ದುಂಗ್ ಲಾ ಹತ್ತುತ್ತೇನೆ ಅನ್ನುತ್ತೀಯ. ಮನಾಲಿಯಿಂದ ಹೊರಟರೆ ರಸ್ತೆಯೇ ನಿನ್ನನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತದೆ. ಸೈಕಲ್ಲಿನ ದೊಡ್ಡ ಗುಣವೇ ಅದು. ಕಾರಿನವನಿಗೆ ಜಿಸ್ಪಾ ಆದ ಮೇಲೆ ಸರ್ಚು. ಸೈಕಲ್ಲಿನವನಿಗೆ ನಡುವೆ ಪಟ್ಸಿಯೊ ಇದೆ, ಸುಮಾರು 3,800. ಆ ಏರು 500ಕ್ಕಿಂತ ತುಸು ಹೆಚ್ಚು, ಅದಕ್ಕೇ ಜಿಸ್ಪಾದಲ್ಲಿ ಎರಡು ರಾತ್ರಿ ಇರಬೇಕು. ಆಮೇಲೆ ಜಿಂಗ್ ಜಿಂಗ್ ಬಾರ್, 4,200ರ ಮೇಲೆ. ಎರಡೂ ಕಡೆ ಮಲಗಿದ ಮೇಲೆ ಬಾರಾಲಾಚಾ ದಾಟಿದರೆ ಸರ್ಚು ಹೊಸ ಎತ್ತರವೇ ಅಲ್ಲ. ಆಗ ಅದು ಹಿಂದಿನ ರಾತ್ರಿಯ ಎತ್ತರವೇ.

ತಮ್ಮ: ಪಟ್ಸಿಯೊ ಜಿಸ್ಪಾದಿಂದ ಅರ್ಧ ದಿನದ ದಾರಿಯೂ ಇಲ್ಲವಲ್ಲ. ಮಧ್ಯಾಹ್ನಕ್ಕೇ ಮುಟ್ಟಿ ಉಳಿದ ಹೊತ್ತು ಏನು ಮಾಡುವುದು?

ಅಕ್ಕ: ಕೂರುವುದು. ನೀರು ಕುಡಿಯುವುದು, ಒಗೆದ ಬಟ್ಟೆ ಬಿಸಿಲಿಗೆ ಹರಡುವುದು, ಬ್ರೇಕ್ ನೋಡಿಕೊಳ್ಳುವುದು. ಸಂಜೆ ಸೈಕಲ್ ಬಿಟ್ಟು ಪಕ್ಕದ ದಿಣ್ಣೆಯನ್ನು ನಿಧಾನವಾಗಿ ಹತ್ತಿ ಇಳಿಯುವುದು. ಆ ಹೊತ್ತು ವ್ಯರ್ಥವಾಯಿತು ಅಂತ ನಿನಗೆ ಅನ್ನಿಸುತ್ತದೆ. ನಿಜವಾಗಿ ಆ ಹೊತ್ತಿನಲ್ಲೇ ನಿನ್ನ ದೇಹ ಬಾರಾಲಾಚಾ ದಾಟುವ ಕೆಲಸ ಮಾಡುತ್ತಿರುತ್ತದೆ.

ತಮ್ಮ: ಇನ್ನು ತುಳಿಯುವ ವಿಷಯ. ಹೊಸ ಸೈಕಲ್‌ನಲ್ಲಿ ಮುಂದೆ 30 ಹಲ್ಲು, ಹಿಂದೆ ದೊಡ್ಡದು 51. ಇದು ಸಾಕಲ್ಲ?

ಅಕ್ಕ: ಧಾರಾಳ ಸಾಕು. 29 ಇಂಚಿನ ಚಕ್ರ ಅಲ್ಲವಾ? ಆ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 5 ಕಿ.ಮೀ. ಹೋಗುತ್ತೀಯ. ಶೇ. 5ರ ಏರಿನಲ್ಲಿ ಅದು ಗಂಟೆಗೆ 250 ಮೀಟರ್ ಎತ್ತರ. ಅಷ್ಟೇ ವೇಗ ಇಟ್ಟುಕೋ. ಪೂರ್ತಿ ವಾಕ್ಯ ಹೇಳಲು ಆಗುವಂತಿದ್ದರೆ ವೇಗ ಸರಿಯಿದೆ. ಎರಡು ಪದಕ್ಕೇ ಉಸಿರು ಕಟ್ಟಿದರೆ ಜಾಸ್ತಿಯಾಯಿತು. 5,000 ಮೀಟರಿನ ಮೇಲೆ ನಿನ್ನ ಶಕ್ತಿಯಲ್ಲಿ ಮೂರನೇ ಒಂದು ಪಾಲಾದರೂ ಕರಗಿರುತ್ತದೆ. ಊರಿನಲ್ಲಿ ಸಲೀಸಾಗಿ ಹೋಗುವ ವೇಗ ಅಲ್ಲಿ ಮೈಮುರಿಯುವ ಓಟ. ಒಮ್ಮೆ ದಮ್ಮು ಕಟ್ಟಿ ನಿಂತರೆ ಮತ್ತೆ ಹದಕ್ಕೆ ಬರಲು ಬಹಳ ಹೊತ್ತು ಹಿಡಿಯುತ್ತದೆ. ಆಗದಿದ್ದರೆ ಇಳಿದು ತಳ್ಳು.

ತಮ್ಮ: ತಳ್ಳಿಕೊಂಡು ಹೋಗುವುದಕ್ಕೆ ಅಲ್ಲಿವರೆಗೆ ಹೋಗಬೇಕಾ?

ಅಕ್ಕ: ತಳ್ಳುವುದರಲ್ಲಿ ಅವಮಾನ ಏನಿದೆ? ಐರ್ಲೆಂಡಿನ ಡರ್ವ್ಲಾ ಮರ್ಫಿ 1963ರಲ್ಲಿ ಒಬ್ಬಳೇ ಸೈಕಲ್ಲಿನಲ್ಲಿ ತನ್ನ ದೇಶದಿಂದ ಭಾರತದವರೆಗೆ ಬಂದಳು. ಹೊರಡುವ ಮೊದಲು ಸೈಕಲ್ಲಿನ ಗೇರುಗಳನ್ನೇ ತೆಗೆಸಿದ್ದಳು, ಕೆಟ್ಟರೆ ದಾರಿಯಲ್ಲಿ ರಿಪೇರಿ ಯಾರು ಮಾಡುತ್ತಾರೆ ಅಂತ. ಪಾಕಿಸ್ತಾನದಲ್ಲಿರುವ ಬಾಬುಸರ್ ಪಾಸನ್ನು, ಅದು 4,100 ಮೀಟರ್ ದಾಟಿದ್ದು, ಹಿಮದಲ್ಲಿ ಸೈಕಲ್ಲನ್ನು ಎಳೆದು, ಹೊತ್ತು ದಾಟಿದಳು. ಅವಳು ಸೈಕಲ್ ಯಾತ್ರೆ ಮಾಡಲಿಲ್ಲ ಅಂತ ಯಾರಾದರೂ ಹೇಳುತ್ತಾರಾ?

ತಮ್ಮ: ಇಲ್ಲ, ಒಪ್ಪಿದೆ. ದಿನದಲ್ಲಿ ಯಾವ ಹೊತ್ತಿಗೆ ಹೊರಡಬೇಕು?

ಅಕ್ಕ: ನಸುಕಿಗೆ. ಅದಕ್ಕೆ ಎರಡು ಕಾರಣ. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ ರಸ್ತೆಗೆ ಅಡ್ಡ ಹರಿಯುವ ನಾಲೆಗಳು ಉಬ್ಬುತ್ತವೆ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮಧ್ಯಾಹ್ನ ಮೊಣಕಾಲಿಗೆ ಬಂದು ಕಲ್ಲುಗಳನ್ನು ಉರುಳಿಸಿಕೊಂಡು ಹೋಗುತ್ತಿರುತ್ತದೆ. ಇನ್ನೊಂದು ಕಾರಣ ಗಾಳಿ. ಪಾಂಗ್ ಆದ ಮೇಲೆ ಸಿಗುವ ಮೋರೆ ಬಯಲು ನಲವತ್ತು ಕಿ.ಮೀ.ನಷ್ಟು ಉದ್ದ, 4,700 ಮೀಟರಿನಲ್ಲಿ ಚಪ್ಪಟೆ ನೆಲ. ನಕ್ಷೆಯಲ್ಲಿ ಅದು ವಿಶ್ರಾಂತಿಯ ದಿನದ ಹಾಗೆ ಕಾಣುತ್ತದೆ. ಮಧ್ಯಾಹ್ನದ ಎದುರುಗಾಳಿ ಎದ್ದರೆ ಅಲ್ಲಿನ ಸಮತಟ್ಟು ರಸ್ತೆಯಲ್ಲೂ ಏರಿನ ಗೇರಿಗೇ ಇಳಿಯಬೇಕಾಗುತ್ತದೆ.

ತಮ್ಮ: ಗಾಟಾ ಲೂಪ್ಸ್ ಹೇಗೆ? ಫೋಟೋದಲ್ಲಿ ನೋಡಿದರೆ ಎದೆ ಧಸಕ್ ಅನ್ನುತ್ತದೆ.

ಅಕ್ಕ: 21 ತಿರುವು. ಏರು ಹಿತವಾಗಿದೆ. ಕಷ್ಟ ಇರುವುದು ನೀರಿಗೆ. ಸರ್ಚು ಬಯಲು ಮುಗಿದು ತಿರುವುಗಳು ಶುರುವಾದ ಮೇಲೆ ನೆರಳಿಲ್ಲ, ನಂಬಿಕೊಳ್ಳುವಂಥ ನೀರಿಲ್ಲ. ಆ ತಿರುವುಗಳಲ್ಲಿ ಒಂದು ಕಡೆ ಪುಟ್ಟ ಗುಡಿಯ ಹಾಗೆ ಕಲ್ಲು ಜೋಡಿಸಿದ್ದಾರೆ, ಸುತ್ತ ನೀರಿನ ಬಾಟಲಿಗಳ ರಾಶಿ. ಕೆಟ್ಟು ನಿಂತ ಲಾರಿಯನ್ನು ಕಾಯುತ್ತಾ ಹಿಮಕ್ಕೆ ಸಿಕ್ಕಿ ಸತ್ತ ಕ್ಲೀನರ್ ಒಬ್ಬನ ಆತ್ಮ ದಾರಿಹೋಕರನ್ನು ನೀರು ಕೇಳುತ್ತದೆ ಅಂತ ಲಾರಿಯವರು ಹೇಳುತ್ತಾರೆ. ಹೋಗುವವರೆಲ್ಲ ಒಂದೊಂದು ಬಾಟಲಿ ಇಡುತ್ತಾರೆ. ಕಥೆ ನಿಜವೋ ಅಲ್ಲವೋ, ಅಲ್ಲಿ ನೀರು ಅಂದರೆ ಏನು ಅನ್ನುವುದನ್ನು ಅದಕ್ಕಿಂತ ಚೆನ್ನಾಗಿ ಯಾವ ಬೋರ್ಡೂ ಹೇಳುವುದಿಲ್ಲ. ಸರ್ಚು ಬಿಡುವಾಗ ಇರುವ ಬಾಟಲಿಗಳನ್ನೆಲ್ಲ ತುಂಬಿಸಿಕೋ.

ತಮ್ಮ: ಹತ್ತಿದ್ದಾಯಿತು. ಇಳಿಯುವುದು ಮಜಾ ತಾನೆ?

ಅಕ್ಕ: ಮಜಾ ನಿಜ. ಆದರೆ ಸೈಕಲ್ಲಿನವರು ಬಿದ್ದು ಗಾಯ ಮಾಡಿಕೊಳ್ಳುವುದು ಇಳಿಯುವಾಗ. ನೆತ್ತಿಯಲ್ಲಿ ಬೆವರಿದ ಬನಿಯನ್ ಮೈಗೆ ಅಂಟಿರುತ್ತದೆ. ಹಾಗೇ ಇಳಿದರೆ ಹತ್ತು ನಿಮಿಷಕ್ಕೆ ಬೆರಳು ಮರಗಟ್ಟಿ ಬ್ರೇಕ್ ಹಿಡಿದದ್ದೇ ಗೊತ್ತಾಗುವುದಿಲ್ಲ. ಮೇಲೆ ನಿಂತ ತಕ್ಷಣ ಒಣ ಬಟ್ಟೆ, ಗಾಳಿ ತಡೆಯುವ ಜಾಕೆಟ್, ದಪ್ಪ ಗ್ಲೌಸ್. ತಂಗ್ಲಾಂಗ್‌ನಿಂದ ರುಮ್ತ್ಸೆಗೆ ಸಾವಿರ ಮೀಟರಿಗೂ ಹೆಚ್ಚು ಇಳಿತ. ಬ್ರೇಕ್ ಒತ್ತಿಹಿಡಿದುಕೊಂಡೇ ಹೋದರೆ ಡಿಸ್ಕ್ ಕಾದು ಹಿಡಿತ ಬಿಡುತ್ತದೆ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ವೇಗ ಇಳಿಸಿ, ಬಿಟ್ಟುಬಿಡಬೇಕು. ಡಿಸ್ಕಿಗೆ ಗಾಳಿ ಆಡಬೇಕು. ಬ್ರೇಕ್ ಪ್ಯಾಡ್ ಎರಡು ಜೊತೆ ಹೆಚ್ಚಿಗೆ ಇಟ್ಟುಕೋ, ಮನಾಲಿ ಬಿಟ್ಟರೆ ಲೇಹ್‌ವರೆಗೆ ಸಿಗುವ ಭರವಸೆ ಇಲ್ಲ. ಅದಕ್ಕಿಂತ ಮುಖ್ಯ, ಆಮ್ಲಜನಕ ಸಾಲದ ಮಿದುಳು ಅಂದಾಜು ತಪ್ಪುತ್ತದೆ. ತಿರುವು ಇನ್ನೂ ದೂರ ಇದೆ ಅಂದುಕೊಂಡಿರುತ್ತೀಯ, ಅದು ಎದುರಿಗೇ ಬಂದಿರುತ್ತದೆ.

ತಮ್ಮ: ಊಟದ ಗತಿ?

ಅಕ್ಕ: ಹಳೆಯ ಪ್ಯಾರಾಚೂಟ್ ಬಟ್ಟೆ ಹೊದಿಸಿದ ಡಾಬಾಗಳಿವೆ. ಅನ್ನ, ರಾಜ್ಮಾ, ಆಮ್ಲೆಟ್, ಥುಕ್ಪಾ, ಎಲ್ಲೆಲ್ಲೂ ಮ್ಯಾಗಿ. ಪಾಂಗ್‌ನಲ್ಲಿ ನೀರು 85 ಡಿಗ್ರಿ ಆಸುಪಾಸಿನಲ್ಲೇ ಕುದಿದುಬಿಡುತ್ತದೆ, ತೆರೆದ ಪಾತ್ರೆಯಲ್ಲಿ ಕಾಳು ಬೇಯುವುದಿಲ್ಲ. ಅದಕ್ಕೇ ಪ್ರತಿ ಟೆಂಟಿನಲ್ಲೂ ಕುಕ್ಕರ್ ಕೂಗುತ್ತಿರುತ್ತದೆ. ಹಸಿವು ಸತ್ತಿರುತ್ತದೆ, ಆದರೂ ತಿನ್ನಬೇಕು. ಹೊಟ್ಟೆಗೆ ಹೋಗದಿದ್ದರೆ ಮರುದಿನ ಕಾಲು ನಡೆಯುವುದಿಲ್ಲ. ಅಡುಗೆ ಮಾಡುವವರ ಜೊತೆ ಒಲೆ ಪಕ್ಕ ಕೂತು ತಿನ್ನು. ಮುಂದಿನ ನಾಲೆ ಹೇಗಿದೆ, ನಿನ್ನೆ ಪಾಸಿನಲ್ಲಿ ಹಿಮ ಬಿತ್ತೋ ಇಲ್ಲವೋ, ಎಲ್ಲ ಅವರಿಗೆ ಗೊತ್ತಿರುತ್ತದೆ. ಆ ದಾರಿಯ ಉದ್ದಕ್ಕೂ ಮೊಬೈಲ್ ಸಿಗ್ನಲ್ ಇಲ್ಲದ ಜಾಗಗಳೇ ಹೆಚ್ಚು. ಹೊರಗಿನ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ಕೆಲಸ ಮಾಡುವುದೇ ಇಲ್ಲ, ಪೋಸ್ಟ್‌ಪೇಯ್ಡ್ ತೆಗೆದುಕೋ.

ತಮ್ಮ: ಇಷ್ಟೆಲ್ಲ ಎಚ್ಚರಿಕೆ ಕೇಳಿದ ಮೇಲೆ ಒಂದು ಪ್ರಶ್ನೆ ಅಕ್ಕಾ. ಇಷ್ಟು ನಿಧಾನವಾಗಿ, ಇಷ್ಟು ಹೆದರಿಕೊಂಡು ಯಾಕೆ ಹೋಗಬೇಕು? ಕಾರಿನಲ್ಲಿ ಹೋಗಬಹುದಲ್ಲ?

ಅಕ್ಕ: ಕಾರಿನಲ್ಲಿ ಆ ದಾರಿ ಕಿಟಕಿಯ ಹೊರಗಿರುತ್ತದೆ. ಸೈಕಲ್ಲಿನಲ್ಲಿ ನೀನು ಅದರೊಳಗಿರುತ್ತೀಯ. ತಾಂಡಿಯಲ್ಲಿ ಚಂದ್ರಾ, ಭಾಗಾ ಎರಡೂ ನದಿ ಕೂಡಿ ಮುಂದೆ ಚೆನಾಬ್ ಆಗುತ್ತವೆ. ಅಲ್ಲಿಂದ ಭಾಗಾ ನದಿಯ ಜೊತೆಯಲ್ಲೇ ದಿನಗಟ್ಟಲೆ ಹತ್ತುತ್ತೀಯ. ಕೇಲಾಂಗ್ ಕೆಳಗೆ ಭೋರ್ಗರೆಯುತ್ತಿದ್ದ ಅದೇ ಹೊಳೆ ಬರಬರುತ್ತಾ ಕಿರಿದಾಗಿ, ಬಾರಾಲಾಚಾದ ಕೆಳಗೆ ಸೂರಜ್ ತಾಲ್ ಕೆರೆಯಿಂದ ಹೊರಡುವ ಸಣ್ಣ ತೊರೆಯಾಗಿ ಕಾಣುತ್ತದೆ. ಒಂದು ನದಿಯನ್ನು ಬುಡದವರೆಗೆ ಕಾಲಿನಿಂದ ತುಳಿದು ನೋಡಿದ ಹಾಗೆ. ಇನ್ನು ಆ ರಸ್ತೆ ಮಾಡುವ ಜನ. ಗಡಿ ರಸ್ತೆ ಸಂಸ್ಥೆಯ ಕೆಲಸಕ್ಕೆ ಜಾರ್ಖಂಡಿನ ದುಮ್ಕಾ ಕಡೆಯಿಂದ, ಬಿಹಾರದಿಂದ, ನೇಪಾಳದಿಂದ ಬಂದವರು. ಡ್ರಮ್ಮಿನಲ್ಲಿ ಡಾಂಬರು ಕುದಿಸುತ್ತಾ, ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಎದ್ದುಹೋದ ರಸ್ತೆಗೆ ಕಲ್ಲು ಜೋಡಿಸುತ್ತಿರುತ್ತಾರೆ. ನಾವು ದಾಟಲು ದಿನಗಟ್ಟಲೆ ತಯಾರಿ ಮಾಡುವ ಎತ್ತರದಲ್ಲಿ ಅವರು ತಿಂಗಳುಗಟ್ಟಲೆ ಗುದ್ದಲಿ ಹಿಡಿಯುತ್ತಾರೆ. ಕಾರಿನವನಿಗೆ ಅವರು ಧೂಳಿನಲ್ಲಿ ಕಂಡು ಮರೆಯಾಗುವ ಆಕೃತಿಗಳು. ಗಂಟೆಗೆ 5 ಕಿ.ಮೀ. ಹೋಗುವವನು ಅವರ ಕಣ್ಣು ನೋಡದೆ ದಾಟಲಾರ. ಅವರು ಕರೆದು ಚಹಾ ಕೊಡುತ್ತಾರೆ. ಆ ಚಹಾ ಕುಡಿದ ಮೇಲೆ ಪಾಸ್ ಗೆದ್ದೆ ಅನ್ನುವ ಮಾತು ಬಾಯಿಗೆ ಬರುವುದಿಲ್ಲ.

ತಮ್ಮ: ಮಾತ್ರೆ? ಡಯಾಮಾಕ್ಸ್ ಇಟ್ಟುಕೊಂಡರೆ ದಿನ ಕಡಿಮೆ ಮಾಡಬಹುದಾ?

ಅಕ್ಕ: ಡಯಾಮಾಕ್ಸ್ ಅಂದರೆ ಅಸೆಟಜೋಲಮೈಡ್. ಬೈಕಾರ್ಬನೇಟ್ ಹೊರಹಾಕುವ ಮೂತ್ರಪಿಂಡದ ಆ ಕೆಲಸವನ್ನು ಅದು ಸ್ವಲ್ಪ ಬೇಗ ಮಾಡಿಸುತ್ತದೆ, ಅಷ್ಟೇ. ಸಲ್ಫಾ ಅಲರ್ಜಿ ಇದ್ದವರಿಗೆ ತೊಂದರೆ ಆಗಬಹುದು, ಡಾಕ್ಟರನ್ನು ಕೇಳದೆ ಮುಟ್ಟಬೇಡ. ನಿಯಮ ಮುರಿಯುವುದಕ್ಕೆ ಅದನ್ನು ನೆಪ ಮಾಡಿಕೊಳ್ಳಬಾರದು. ಬರೀ ತಲೆನೋವಿದ್ದರೆ ಅಲ್ಲೇ ಉಳಿ, ಕಡಿಮೆಯಾಗುವವರೆಗೆ ಮೇಲೆ ಹತ್ತಬೇಡ. ವಾಂತಿ, ನಡಿಗೆ ತಪ್ಪುವುದು, ಕೂತಲ್ಲೇ ಏದುಸಿರು, ಕೆಮ್ಮಿದಾಗ ನೊರೆ, ಇವುಗಳಲ್ಲಿ ಒಂದು ಕಂಡರೂ ಕತ್ತಲಾಗಿದ್ದರೂ ಸರಿ, ಸಿಕ್ಕ ಗಾಡಿ ಹತ್ತಿ ಇಳಿ. ಸೈಕಲ್ ಅಲ್ಲೇ ಬಿದ್ದಿರಲಿ.

ತಮ್ಮ: ಹಾಗಾದರೆ ಲೆಕ್ಕ ಹೊಸದಾಗಿ ಹಾಕೋಣ. ಮನಾಲಿಯಲ್ಲಿ ಎರಡು ರಾತ್ರಿ. ಆಮೇಲೆ ಮಢಿ, ಸಿಸ್ಸು. ಜಿಸ್ಪಾದಲ್ಲಿ ಎರಡು ರಾತ್ರಿ. ಪಟ್ಸಿಯೊ, ಜಿಂಗ್ ಜಿಂಗ್ ಬಾರ್, ಸರ್ಚು. ಅಲ್ಲಿಂದ ಪಾಂಗ್, ದೇಬ್ರಿಂಗ್, ರುಮ್ತ್ಸೆ, ಲೇಹ್. ಇದಕ್ಕೆ ರಜೆ ಸಾಲುವುದಿಲ್ಲ ಅಕ್ಕಾ.

ಅಕ್ಕ: ಸರ್ಚುವಿನಲ್ಲೂ ಒಂದು ರಾತ್ರಿ ಹೆಚ್ಚಿಗೆ ಇಟ್ಟುಕೋ, ಬೇಕಾದರೆ ಇರಲಿ. ರಜೆ ಸಿಗದಿದ್ದರೆ ಲೇಹ್ ಬಿಡು. ರೋಹ್ತಾಂಗ್ ದಾಟಿ ಲಾಹೌಲ್ ಸುತ್ತಿ, ಜಿಂಗ್ ಜಿಂಗ್ ಬಾರ್‌ನಲ್ಲಿ ಮಲಗಿ, ಬಾರಾಲಾಚಾ ಹತ್ತಿ ನೋಡಿ ಬಂದ ದಾರಿಯಲ್ಲೇ ಇಳಿ. ಅರ್ಧ ದಾರಿಯನ್ನು ಸರಿಯಾದ ರಾತ್ರಿಗಳಲ್ಲಿ ಮಾಡಿದರೆ ಅದೂ ಪೂರ್ಣ ಯಾತ್ರೆಯೇ. ಪೂರ್ತಿ ದಾರಿಯನ್ನು ಕಡಿಮೆ ರಾತ್ರಿಗಳಲ್ಲಿ ತುರುಕಬೇಡ.

ತಮ್ಮ: ರಜೆ ಕೇಳಿ ನೋಡುತ್ತೇನೆ. ಇನ್ನೇನಾದರೂ ಉಳಿಯಿತಾ?

ಅಕ್ಕ: ಒಂದಿದೆ. ನಿನ್ನ ಗೆಳೆಯನ ಜೊತೆ ಈಗಲೇ ಮಾತಾಡು. ಎತ್ತರದ ಕಾಯಿಲೆ ಹಿಡಿದವನು 'ನನಗೇನೂ ಆಗಿಲ್ಲ, ಹೋಗೋಣ' ಅಂತಲೇ ಹೇಳುತ್ತಾನೆ. ಆ ಹೊತ್ತಿನಲ್ಲಿ ಅವನ ಮಾತಿಗೆ ಬೆಲೆ ಕೊಡುವಂತಿಲ್ಲ. ಇಬ್ಬರಲ್ಲಿ ಯಾರೇ 'ಇಲ್ಲಿಗೆ ನಿಲ್ಲಿಸೋಣ' ಅಂದರೂ ಅವತ್ತು ನಿಂತುಬಿಡಬೇಕು. ವಾದ ಇಲ್ಲ, ಹಠ ಇಲ್ಲ, ಆಮೇಲೆ ಊರಿನಲ್ಲಿ ಹಂಗಿಸುವುದೂ ಇಲ್ಲ. ಈ ಒಪ್ಪಂದ ತಲೆ ತಿಳಿಯಾಗಿರುವ ಎತ್ತರದಲ್ಲೇ ಆಗಬೇಕು. ಸರ್ಚುವಿನಲ್ಲಿ ಕೂತು ತೀರ್ಮಾನ ಮಾಡುತ್ತೇವೆ ಅಂದರೆ ಆಗುವುದಿಲ್ಲ.

ತಮ್ಮ: ಅವನು ನನಗಿಂತ ಹಠಮಾರಿ. ಆದರೂ ಇವತ್ತೇ ಹೇಳುತ್ತೇನೆ. ಇದಕ್ಕೆ ಅವನು ಒಪ್ಪದಿದ್ದರೆ?

ಅಕ್ಕ: ಒಪ್ಪದಿದ್ದರೆ ಬೇರೆ ಜೊತೆಗಾರನನ್ನು ಹುಡುಕಿಕೋ. ಆ ದಾರಿಗೆ ನಿನ್ನ ಸೈಕಲ್ಲಿಗಿಂತ ಮೊದಲು ಬೇಕಾದದ್ದು, ನೀನು ನಿಲ್ಲು ಅಂದಾಗ ನಿಲ್ಲುವ ಒಬ್ಬ ಮನುಷ್ಯ.